ಆಟದ ಪಾಡ್‌ಕಾಸ್ಟ್‌ಗೆ ಸ್ವಂತ ಸಂಗೀತವೋ, ಸಿದ್ಧ ಸಂಗೀತವೋ?

ಗೆಳೆಯರ ಜೊತೆ ಕೂತು, ಪಾತ್ರ ವಹಿಸಿ, ದಾಳ ಉರುಳಿಸಿ ಕಥೆ ಕಟ್ಟುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನಂಥ ಆಟ ಆಡಿ, ಅದನ್ನೇ ಪಾಡ್‌ಕಾಸ್ಟ್ ಮಾಡಹೊರಟವರಿಗೆ ಬೇಗನೆ ಎದುರಾಗುವ ಪ್ರಶ್ನೆ ಇದು.

ಸಿದ್ಧ ಸಂಗೀತದ ದೊಡ್ಡ ಲಾಭ ಸಮಯ. ಕ್ರಿಯೇಟಿವ್ ಕಾಮನ್ಸ್ (ರಚಿಸಿದವರೇ ಷರತ್ತಿನ ಮೇಲೆ ಬಳಸಲು ಬಿಟ್ಟುಕೊಡುವ ಪರವಾನಗಿ) ಟ್ರ್ಯಾಕ್ ಇಳಿಸಿಕೊಂಡರೆ ಇವತ್ತೇ ಎಪಿಸೋಡ್ ಹೊರಬೀಳುತ್ತದೆ. ಆದರೆ ಪರವಾನಗಿ ಓದಿ. ‘ಬಿವೈ’ ಇದ್ದರೆ ರಚಿಸಿದವರ ಹೆಸರು ಹೇಳಲೇಬೇಕು. ‘ಎನ್‌ಸಿ’ ಇದ್ದರೆ ಹಣ ಗಳಿಕೆಗೆ ಬಳಸುವಂತಿಲ್ಲ, ಮುಂದೆ ಜಾಹೀರಾತು ಹಾಕುವಾಗ ತೊಡಕು. ಅದೇ ಟ್ರ್ಯಾಕ್ ಇನ್ನೊಬ್ಬರ ಕಾರ್ಯಕ್ರಮದಲ್ಲೂ ಕೇಳಿಸೀತು.

ಸ್ವಂತ ರಚನೆ ನಿಧಾನ, ಆದರೆ ಕಥೆಗೆ ಅಂಟಿಕೊಳ್ಳುತ್ತದೆ. ಖಳನಿಗೆ ನಾಲ್ಕೇ ಸ್ವರದ ಒಂದು ತುಣುಕು ಕೊಟ್ಟುಬಿಡಿ. 20 ಎಪಿಸೋಡ್ ಆದಮೇಲೆ ಅವನು ಮಾರುವೇಷದಲ್ಲಿ ಬಂದಾಗ ಅದನ್ನೇ ನಿಧಾನಗತಿಯಲ್ಲಿ ನುಡಿಸಿದರೆ ಸಾಕು, ಆಟಗಾರರಿಗಿಂತ ಮೊದಲು ಕೇಳುಗರಿಗೆ ಗುಟ್ಟು ತಿಳಿಯುತ್ತದೆ. (ಸಂಗೀತವನ್ನು ಆಮೇಲೆ ಸೇರಿಸುವುದರ ಮಜಾ ಇದೇ.) ಬೇರೆಯವರ ಟ್ರ್ಯಾಕ್‌ನಲ್ಲಿ ಇದು ಕಷ್ಟ. ಖರ್ಚಿನ ಚಿಂತೆ ಬೇಡ, ಸಂಗೀತ ರಚಿಸುವ ತಂತ್ರಾಂಶಗಳಾದ ಎಲ್‌ಎಂಎಂಎಸ್, ಮ್ಯೂಸ್‌ಸ್ಕೋರ್ ಎರಡೂ ಉಚಿತ.

ಯಾವುದೇ ಆದರೂ ಮಾತಿನಡಿ ಸಂಗೀತ ತಗ್ಗಿರಲಿ. ದಾಳದ ಸದ್ದು, ನಗು ಕೇಳಬೇಕು.

ನನ್ನ ಆಯ್ಕೆ: ಶುರುವಿನ ಧುನ್ ಮತ್ತು ಖಳನ ಸ್ವರ ಸ್ವಂತದ್ದು; ಸಂತೆ, ಕಾಡು, ಕಾಳಗದ ಹಿನ್ನೆಲೆ ಸಿದ್ಧದ್ದು. ಗುಂಪಿನಲ್ಲಿ ವಾದ್ಯ ಮುಟ್ಟಿದವರು ಯಾರೂ ಇಲ್ಲದಿದ್ದರೆ ಎಲ್ಲವೂ ಸಿದ್ಧದ್ದೇ ಇರಲಿ, ಸಂಗೀತಕ್ಕಾಗಿ ಆಟ ನಿಲ್ಲುವುದು ಬೇಡ.