ಯುಡಿಐಡಿ ಕಾರ್ಡ್: ಪೋರ್ಟಲ್ ಪರವಾಗಿಲ್ಲ, ಕಗ್ಗಂಟಿರುವುದು ಡಾಕ್ಟರ ಮೇಜಿನ ಮುಂದೆ

ಆಟಿಸಂ ಇರುವ ಮಗುವಿಗೆ ಯುಡಿಐಡಿ ಕಾರ್ಡ್, ಅಂದರೆ ಅಂಗವಿಕಲರ ವಿಶಿಷ್ಟ ಗುರುತಿನ ಚೀಟಿ, ಮಾಡಿಸುವುದು ಲಾಭವೋ ಬರೀ ಅಲೆದಾಟವೋ? ಮುಂಬೈ ಕಡೆ ಮಾಟುಂಗಾದಿಂದ ಡೊಂಬಿವಲಿವರೆಗೆ ಕನ್ನಡದ ಮನೆಗಳಲ್ಲಿ ಈ ಪ್ರಶ್ನೆ ತಪ್ಪಿದ್ದಲ್ಲ. ಅಲೆದಾಟ ಇದೆ, ಆದರೂ ಮಾಡಿಸಲೇಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸಿದ 21 ವೈಕಲ್ಯಗಳಲ್ಲಿ ಆಟಿಸಂ ಕೂಡ ಒಂದು. ಆ ಕಾಯ್ದೆಯ ಮುಖ್ಯ ಸವಲತ್ತುಗಳು ಕೈಗೆ ಸಿಗುವುದು ಕನಿಷ್ಠ 40 ಶೇಕಡಾ ವೈಕಲ್ಯ ತೋರಿಸುವ ಪ್ರಮಾಣಪತ್ರ ಇದ್ದರೆ ಮಾತ್ರ.

ಈ ಕಾರ್ಡಿಗಾಗಿ ಸರ್ಕಾರದ ಸ್ವಾವಲಂಬನ್ ಪೋರ್ಟಲ್‌ನಲ್ಲಿ ಅರ್ಜಿ ತುಂಬುವುದು ಅರ್ಧ ಗಂಟೆಯ ಕೆಲಸ. ಫೋಟೊ, ಆಧಾರ್, ವಿಳಾಸದ ದಾಖಲೆ ಹಾಕಿ ಆಸ್ಪತ್ರೆ ಆರಿಸಿದರೆ ನೋಂದಣಿ ಸಂಖ್ಯೆ ಬರುತ್ತದೆ. ನಮ್ಮವರು ಸಿಕ್ಕಿಹಾಕಿಕೊಳ್ಳುವುದು ವಿಳಾಸದಲ್ಲಿ: ಆಧಾರ್‌ನಲ್ಲಿ ಉಡುಪಿಯೋ ಕುಂದಾಪುರವೋ ಇರುತ್ತದೆ, ಸಂಸಾರ ಮುಲುಂಡಿನಲ್ಲಿ. ಇದಕ್ಕೆ ನಿಯಮದಲ್ಲೇ ದಾರಿ ಇದೆ. ವಾಸದ ಜಿಲ್ಲೆಯಲ್ಲಿ ಮಾತ್ರವಲ್ಲ, ಮಗು ಚಿಕಿತ್ಸೆ ಪಡೆಯುತ್ತಿರುವ ಸರ್ಕಾರಿ ಆಸ್ಪತ್ರೆಯಲ್ಲೂ ಅರ್ಜಿ ಹಾಕಬಹುದು. ಹಾಗಾಗಿ ಅಲ್ಲಿನ ಓಪಿಡಿ ಕಾಗದವನ್ನು ಬಿಸಾಡಬೇಡಿ. ಕಾರ್ಡ್ ದೇಶಕ್ಕೆಲ್ಲ ಅನ್ವಯ, ನಾಳೆ ಊರಿಗೇ ವಾಪಸಾದರೂ ನಡೆಯುತ್ತದೆ.

ಇನ್ನು ನಿಜವಾದ ಪರೀಕ್ಷೆ. ಮಗುವಿನ ಶೇಕಡಾವಾರು ನಿರ್ಧರಿಸುವುದು 'ಇಸಾ' (ISAA) ಎಂಬ, ಆಟಿಸಂ ಅಳೆಯುವ ಭಾರತೀಯ ಮಾಪನ. ಅದರಲ್ಲಿ 40 ಅಂಶ, ಪ್ರತಿಯೊಂದಕ್ಕೂ 1ರಿಂದ 5 ಅಂಕ. ಒಟ್ಟು 70ಕ್ಕಿಂತ ಕಡಿಮೆ ಬಂದರೆ ಆಟಿಸಂ ಇಲ್ಲ ಎಂದೇ ಲೆಕ್ಕ. 70ರಿಂದ 106 ಸೌಮ್ಯ, 107ರಿಂದ 153 ಮಧ್ಯಮ, ಅದರ ಮೇಲೆ ತೀವ್ರ. ಅಂಕ ಕೊಡುವುದು ಮಗುವನ್ನು ನೋಡಿ, ತಂದೆತಾಯಿಯನ್ನು ಕೇಳಿ. ಕೆಲಸ ಕೆಡುವುದು ಇಲ್ಲೇ. "ಕಣ್ಣಿಟ್ಟು ನೋಡ್ತಾನಾ?" ಎಂದರೆ ತಾಯಿ ಸಂಕೋಚದಿಂದ "ಹಾಂ, ನೋಡ್ತಾನೆ" ಅಂದುಬಿಡುತ್ತಾರೆ. ಪ್ರಶ್ನೆ ನೋಡುತ್ತಾನೋ ಇಲ್ಲವೋ ಎಂದಲ್ಲ, ಎಷ್ಟು ಸಲ ಎಂದು. ಒಂದು ಲಕ್ಷಣ ನೂರಕ್ಕೆ ಇಪ್ಪತ್ತು ಸಲದೊಳಗೆ ಕಂಡರೆ 1 ಅಂಕ, ಎಂಬತ್ತು ದಾಟಿದರೆ 5. ಹೋಗುವ ಮೊದಲು ಒಂದು ವಾರ ಬರೆದಿಡಿ: ಹತ್ತು ಸಲ ಹೆಸರು ಕರೆದರೆ ಎಷ್ಟು ಸಲ ತಿರುಗಿದ, ಫ್ಯಾನ್ ನೋಡುತ್ತಾ ಎಷ್ಟು ಹೊತ್ತು ನಿಂತ. ಹೆಚ್ಚಿಸಿ ಹೇಳುವುದೂ ಬೇಡ, ಮುಚ್ಚಿಡುವುದೂ ಬೇಡ.

ಭಾಷೆಯ ತೊಡಕು ಇನ್ನೂ ಸೂಕ್ಷ್ಮ. ಬಾಯಾರಿದ ಮಗು ಅಮ್ಮನ ಮಾತನ್ನೇ ಮರಳಿಸಿ "ನೀರು ಬೇಕಾ?" ಅನ್ನುತ್ತದೆ. ಕನ್ನಡ ಬಲ್ಲವರಿಗೆ ಆ ಕೊನೆಯ 'ಆ'ಕಾರದಲ್ಲೇ ಗಿಳಿಪಾಠ ಗೊತ್ತಾಗುತ್ತದೆ. ಮರಾಠಿಯೋ ಹಿಂದಿಯೋ ಮಾತ್ರ ಬಲ್ಲ ಪರೀಕ್ಷಕರಿಗೆ ಮಗು ಚೆನ್ನಾಗಿಯೇ ಮಾತಾಡಿತು ಅನಿಸಿದರೆ ಅವರ ತಪ್ಪಲ್ಲ. ಇಂಥ ಐದಾರು ವಾಕ್ಯಗಳನ್ನು ಅರ್ಥ ಸಮೇತ ಚೀಟಿಯಲ್ಲಿ ಬರೆದು, ಫೋನಿನಲ್ಲಿ ಎರಡು ನಿಮಿಷದ ವಿಡಿಯೊ ಇಟ್ಟುಕೊಂಡು ಹೋಗಿ. ಮನೆಯಲ್ಲಿ ಕನ್ನಡ ಬಿಟ್ಟು ಇಂಗ್ಲಿಷ್ ಮಾತ್ರ ಮಾತಾಡಿ ಎಂಬ ಸಲಹೆ ಸಿಕ್ಕರೆ ತಲೆಗೆ ಹಾಕಿಕೊಳ್ಳಬೇಡಿ. ಎರಡು ಭಾಷೆ ಕೇಳಿ ಬೆಳೆದರೆ ಆಟಿಸಂ ಮಕ್ಕಳ ಮಾತು ಹಿಂದೆ ಬೀಳುತ್ತದೆ ಎಂದು ಅಧ್ಯಯನಗಳು ತೋರಿಸಿಲ್ಲ.

ಸರದಿಯಲ್ಲಿ ಕೂತಾಗ ಕಿವಿಗೆ ಬೀಳುವ ಕಾರಣಗಳ ಪಟ್ಟಿ ದೊಡ್ಡದು: ಲಸಿಕೆ, ಟಿವಿ, ತಾಯಿ ಕೆಲಸಕ್ಕೆ ಹೋಗಿದ್ದು. ಲಸಿಕೆಯ ಕಥೆ ಹುಟ್ಟಿದ್ದು 1998ರ ಒಂದು ಲೇಖನದಿಂದ, ಲ್ಯಾನ್ಸೆಟ್ ಪತ್ರಿಕೆ 2010ರಲ್ಲಿ ಅದನ್ನು ಹಿಂತೆಗೆದುಕೊಂಡಿತು. ಅನುವಂಶೀಯತೆಯ ಪಾಲು ದೊಡ್ಡದು. ಅವಧಿಗೆ ಮುನ್ನ ಹೆರಿಗೆ, ಗರ್ಭಿಣಿ ತೆಗೆದುಕೊಂಡ, ಅಪಸ್ಮಾರಕ್ಕೆ ಕೊಡುವ ವಾಲ್ಪ್ರೊಯೇಟ್‌ನಂಥ ಔಷಧಗಳು ಸಂಭವವನ್ನು ಹೆಚ್ಚಿಸುತ್ತವೆ. ತಾಯಿಯ ಪ್ರೀತಿ ಕಡಿಮೆಯಾಗಿದ್ದಕ್ಕೆ ಹೀಗಾಯಿತು ಎನ್ನುವ ಅತ್ತೆಯರ ಬಾಯಿ ಮುಚ್ಚಿಸಲು ಮಾತ್ರ ಯಾವ ಕಾರ್ಡೂ ಇಲ್ಲ!

ಕಾರ್ಡ್ ಬಂದ ಮೇಲೆ ಮೊದಲು ನೋಡಬೇಕಾದ್ದು ಕೇಂದ್ರ ಸರ್ಕಾರದ ಸಂಸ್ಥೆ ನ್ಯಾಷನಲ್ ಟ್ರಸ್ಟ್‌ನ ನಿರಾಮಯ ಆರೋಗ್ಯ ವಿಮೆ. ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ, ಥೆರಪಿ ಮತ್ತು ಓಪಿಡಿ ಖರ್ಚೂ ಸೇರಿ. ಖಾಸಗಿ ಪಾಲಿಸಿಗಳಲ್ಲಿ ಥೆರಪಿಗೆ ಕಾಸು ಹುಟ್ಟುವುದೇ ಕಷ್ಟ, ಹಾಗಾಗಿ ನಮ್ಮ ಲೆಕ್ಕದಲ್ಲಿ ಇಡೀ ಓಡಾಟ ಸಾರ್ಥಕವಾಗುವುದು ಇಲ್ಲಿ. ಆದರೆ ಒಳಗೆ ಉಪಮಿತಿಗಳಿವೆ, ಇಡೀ ಲಕ್ಷವನ್ನು ಥೆರಪಿಗೆ ಸುರಿಯಲಾಗದು. ಪಾಲಿಸಿ ಮಾರ್ಚ್ 31ಕ್ಕೆ ಮುಗಿಯುತ್ತದೆ, ಫೆಬ್ರವರಿಯಲ್ಲಿ ಮಾಡಿಸಿದರೆ ಎರಡೇ ತಿಂಗಳು. ಬಿಲ್‌ಗಳ ಮೂಲ ಪ್ರತಿ, ಥೆರಪಿಸ್ಟ್ ಸಹಿ, ದಿನಾಂಕವಾರು ಹಾಜರಿ ಜೋಪಾನ.

6ರಿಂದ 18 ವರ್ಷದವರೆಗೆ ಹತ್ತಿರದ ಶಾಲೆಯಲ್ಲೋ, ಬೇಕಾದರೆ ವಿಶೇಷ ಶಾಲೆಯಲ್ಲೋ ಉಚಿತ ಶಿಕ್ಷಣ ಪಡೆಯುವುದು 2016ರ ಕಾಯ್ದೆಯ 31ನೇ ಕಲಮಿನ ಹಕ್ಕು. ಶಾಲೆ ಬಾಯಿಮಾತಿನಲ್ಲಿ "ನಮ್ಮಲ್ಲಿ ಆಗೊಲ್ಲ" ಎಂದರೆ ಅದನ್ನೇ ಬರೆದುಕೊಡಲು ಕೇಳಿ. ಬರೆದುಕೊಡದಿದ್ದರೆ ನೀವೇ ಪತ್ರ ಬರೆದು ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ದೂರು ಹೋಗಬೇಕಾದ್ದು ಪುಣೆಯಲ್ಲಿರುವ ಮಹಾರಾಷ್ಟ್ರದ ಅಂಗವಿಕಲರ ರಾಜ್ಯ ಆಯುಕ್ತರ ಕಚೇರಿಗೆ. ವಕೀಲರು ಬೇಕಾದರೆ 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಡಿ ಮಕ್ಕಳಿಗೂ ಅಂಗವಿಕಲರಿಗೂ ಉಚಿತವಾಗಿ ಸಿಗುತ್ತಾರೆ, ಸಹಾಯವಾಣಿ 15100.

ಶೇಕಡಾವಾರು ಕಡಿಮೆ ಬಂತು ಅನಿಸಿದರೆ 2016ರ ಕಾಯ್ದೆಯ 59ನೇ ಕಲಮಿನಡಿ ಮೇಲ್ಮನವಿ ಇದೆ. ಅದಕ್ಕೆ ಇಸಾ ಅಂಕಪಟ್ಟಿಯ ನಕಲು ಕೈಯಲ್ಲಿದ್ದರೆ ವಾದ ಗಟ್ಟಿ. ಅದನ್ನು ಪರೀಕ್ಷೆಯ ದಿನವೇ ಕೇಳಿಕೊಳ್ಳಿ, ತಿಂಗಳ ನಂತರ ಕೇಳಿದರೆ ಫೈಲು ಹುಡುಕಲು ಮತ್ತೊಂದು ಸರದಿ.