ಮೂರು ವರ್ಷದ ಬಳಕೆಯ ನಂತರ: ಒಟಿಪಿಗೆ ನಮ್ಮ ಸಿಮ್, ಡೇಟಾಕ್ಕೆ ಟ್ರಾವೆಲ್ ಇ-ಸಿಮ್

ವಿದೇಶಕ್ಕೆ ಹೊರಟವರು ಪ್ಲ್ಯಾನ್ ಹುಡುಕುವಾಗ ಮೊದಲು ನೋಡುವುದು ಎಷ್ಟು ಜಿಬಿ, ಎಷ್ಟು ರೂಪಾಯಿ ಅಂತ. ಮೂರು ವರ್ಷ ಬಳಸಿದ ಮೇಲೆ ನನ್ನ ಲೆಕ್ಕ ತಲೆಕೆಳಗಾಗಿದೆ. ಡೇಟಾ ಹೋಟೆಲಿನಲ್ಲೂ ಸಿಗುತ್ತದೆ, ವಿಮಾನ ನಿಲ್ದಾಣದಲ್ಲೂ ಸಿಗುತ್ತದೆ. ಸಿಗದೆ ಪೇಚಾಡಿಸುವುದು ಬ್ಯಾಂಕಿನ ಒಟಿಪಿ. ಮುಂದಿನ ಊರಿನ ಹೋಟೆಲು ಕಾದಿರಿಸಬೇಕು, ರೈಲಿನ ಟಿಕೆಟ್ ಕೊಳ್ಳಬೇಕು, ಕಾರ್ಡಿನ ಮಿತಿ ಏರಿಸಬೇಕು. ಎಲ್ಲದಕ್ಕೂ ಆ ಆರಂಕಿ ಬೇಕು, ಅದು ಬರುವುದು ಸಾಮಾನ್ಯವಾಗಿ ಬ್ಯಾಂಕಿಗೆ ಕೊಟ್ಟ +91 ನಂಬರಿಗೆ. ಆದ್ದರಿಂದ ಪ್ಲ್ಯಾನ್ ಆಯ್ಕೆಯನ್ನು ಒಟಿಪಿಯಿಂದ ಶುರುಮಾಡಿ, ಜಿಬಿ ಆಮೇಲೆ.

ನನ್ನ ಜೋಡಿ ಇಷ್ಟು: ಊರಿನ ಸಿಮ್ ಫೋನಿನಲ್ಲೇ ಇರುತ್ತದೆ, ರೋಮಿಂಗ್ ಸೇವೆ ಚಾಲೂ, ಆದರೆ ಅದರ ಡೇಟಾ ಪೂರ್ತಿ ಬಂದ್. ಡೇಟಾಕ್ಕೆ ಆಯಾ ದೇಶದ ಟ್ರಾವೆಲ್ ಇ-ಸಿಮ್, ಅಂದರೆ ಕಾರ್ಡಿಲ್ಲದೆ ಫೋನಿನೊಳಗೇ ಇಳಿಸಿಕೊಳ್ಳುವ ಸಿಮ್. ರೋಮಿಂಗ್‌ನಲ್ಲಿ ಒಳಬರುವ ಎಸ್ಸೆಮ್ಮೆಸ್‌ಗೆ ನಮ್ಮ ಕಂಪನಿಗಳು ಸಾಮಾನ್ಯವಾಗಿ ಹಣ ಹಿಡಿಯುವುದಿಲ್ಲ. ಒಳಬರುವ ಕರೆಗೆ ಹಿಡಿಯುತ್ತವೆ, ಅದು ನೆನಪಿರಲಿ. ಕೆಲವು ಪ್ರಿಪೇಯ್ಡ್ ನಂಬರುಗಳು ಪ್ಯಾಕ್ ಹಾಕದಿದ್ದರೆ ಹೊರಗಿನ ನೆಟ್‌ವರ್ಕ್ ಹತ್ತುವುದೇ ಇಲ್ಲ. ಅಂಥ ನಂಬರಿಗೆ ಇರುವುದರಲ್ಲೇ ಚಿಕ್ಕ ಪ್ಯಾಕ್ ಹಾಕಿದರೆ ಸಾಕು. ರೋಮಿಂಗ್ ನಮ್ಮಲ್ಲಿ ತಾನಾಗಿ ಚಾಲೂ ಇರುವುದಿಲ್ಲ, ಕೇಳಿ ಹಾಕಿಸಿಕೊಳ್ಳಬೇಕು. ಹೊರಡುವ ಎರಡು ದಿನ ಮೊದಲೇ ಆ್ಯಪ್‌ನಲ್ಲಿ ಮಾಡಿ ಮುಗಿಸಿ. ಅಲ್ಲಿ ಇಳಿದ ಮೇಲೆ ಕಸ್ಟಮರ್ ಕೇರ್ ಹಿಡಿಯುವುದು ದೊಡ್ಡ ಫಜೀತಿ.

ಇ-ಸಿಮ್ ಹಾಕುವ ಮುಂಚೆ *#06# ಒತ್ತಿ. ಬರುವ ಪಟ್ಟಿಯಲ್ಲಿ ಇಐಡಿ ಎಂಬ ಉದ್ದ ಸಂಖ್ಯೆ ಇದ್ದರೆ ಫೋನಿನಲ್ಲಿ ಇ-ಸಿಮ್ ಇದೆ ಎಂದರ್ಥ. ನಮ್ಮಲ್ಲಿ ಮಾರುವ ಎಷ್ಟೋ ಮಧ್ಯಮ ಬೆಲೆಯ ಫೋನುಗಳಲ್ಲಿ ಅದು ಇಲ್ಲ, ಹಾಗಾಗಿ ಕೊಂಡ ಮೇಲೆ ಕೈ ಹಿಸುಕಿಕೊಳ್ಳುವ ಬದಲು ಮೊದಲೇ ನೋಡಿಕೊಳ್ಳುವುದು ಒಳ್ಳೆಯದು. ಇಲ್ಲೇ ಇನ್ನೊಂದು ಮುಳ್ಳಿದೆ, ಇದನ್ನು ಯಾರೂ ಹೇಳುವುದಿಲ್ಲ. ಊರಿನ ಎರಡು ಸಿಮ್ ಹಾಕಿಕೊಂಡ ಆಂಡ್ರಾಯ್ಡ್ ಫೋನುಗಳಲ್ಲಿ ಒಮ್ಮೆಗೆ ಎರಡೇ ಲೈನ್ ಓಡುತ್ತವೆ. ಇ-ಸಿಮ್ ಚಾಲೂ ಮಾಡಿದ ಕೂಡಲೇ ಸಾಮಾನ್ಯವಾಗಿ ಎರಡನೇ ಸ್ಲಾಟಿನ ಸಿಮ್ ಮಲಗುತ್ತದೆ. ಬ್ಯಾಂಕಿಗೆ ಕೊಟ್ಟ ನಂಬರು ಆ ಎರಡನೇ ಸ್ಲಾಟಿನಲ್ಲಿದ್ದರೆ ಒಟಿಪಿ ಬರುವ ಮಾತೇ ಇಲ್ಲ. ಮನೆಯಲ್ಲಿ ಕೂತೇ ಬ್ಯಾಂಕಿನ ನಂಬರನ್ನು ಮೊದಲ ಸ್ಲಾಟಿಗೆ ಬದಲಿಸಿಕೊಳ್ಳಿ.

ಕ್ಯೂಆರ್ ಕೋಡ್ ಬಂದ ದಿನವೇ ಮನೆಯ ವೈಫೈನಲ್ಲಿ ಇ-ಸಿಮ್ ಇಳಿಸಿ, ಲೈನನ್ನು ಮಾತ್ರ ಆಫ್ ಇಡಿ. ಕೋಡ್ ಅದೇ ಫೋನಿನಲ್ಲಿದ್ದರೆ ಅದರ ಕ್ಯಾಮೆರಾದಲ್ಲಿ ಹೇಗೆ ಹಿಡಿಯುತ್ತೀರಿ? ಇನ್ನೊಂದು ಪರದೆಯಲ್ಲಿ ತೆರೆಯಿರಿ, ಇಲ್ಲವೇ ಒಂದು ಪ್ರಿಂಟ್ ತೆಗೆಯಿರಿ. ಅದರ ಜೊತೆ ಬರುವ ಸರ್ವರ್ ವಿಳಾಸ, ಆ್ಯಕ್ಟಿವೇಶನ್ ಕೋಡ್ ಎರಡನ್ನೂ ಕೈಯಾರೆ ಟೈಪ್ ಮಾಡಿದರೂ ಆಗುತ್ತದೆ. ವಾಯಿದೆ ಇಳಿಸಿದ ದಿನದಿಂದ ಎಣಿಸುತ್ತಾರೋ, ಅಲ್ಲಿಯ ನೆಟ್‌ವರ್ಕ್ ಹತ್ತಿದ ಕ್ಷಣದಿಂದಲೋ ಎಂಬುದನ್ನು ಕೊಳ್ಳುವಾಗಲೇ ಓದಿಕೊಳ್ಳಿ. ಇಳಿಸಿದ ದಿನದಿಂದ ಎಣಿಸುವುದಾದರೆ ಹೊರಡುವ ಹಿಂದಿನ ರಾತ್ರಿ ಇಳಿಸಿ.

ವಿಮಾನ ಇಳಿದಾಗ ಮಾಡುವ ಕೆಲಸಕ್ಕೆ ಒಂದು ಕ್ರಮವಿದೆ, ಅದು ತಪ್ಪಿದರೆ ದುಡ್ಡು ಹೋಗುತ್ತದೆ. ಏರ್‌ಪ್ಲೇನ್ ಮೋಡ್ ತೆಗೆಯುವ ಮುಂಚೆಯೇ ಸೆಟ್ಟಿಂಗ್ಸ್‌ಗೆ ಹೋಗಿ: ಡೇಟಾ ಲೈನ್ ಇ-ಸಿಮ್‌ಗೆ, ಇ-ಸಿಮ್‌ನ ಡೇಟಾ ರೋಮಿಂಗ್ ಆನ್, ಊರಿನ ಸಿಮ್‌ನ ಡೇಟಾ ರೋಮಿಂಗ್ ಆಫ್. ಐಫೋನಿನಲ್ಲಿ ಒಂದು ಲೈನಿನಿಂದ ಇನ್ನೊಂದಕ್ಕೆ ಡೇಟಾ ತಾನಾಗಿ ಜಾರುವ ಸೌಲಭ್ಯ ಬೇರೆಯಿದೆ, ಅದನ್ನೂ ಆಫ್ ಮಾಡಿ. ಎಲ್ಲ ಆದ ಮೇಲೆ ಏರ್‌ಪ್ಲೇನ್ ಮೋಡ್ ತೆಗೆದು ಎರಡು ನಿಮಿಷ ಸುಮ್ಮನಿರಿ. ಎರಡು ಸಾಲು ಸಿಗ್ನಲ್ ಗೆರೆಗಳು ಒಂದರ ಕೆಳಗೊಂದು ಏರುತ್ತವೆ. ಊರಿನ ಸಿಮ್‌ಗೆ ‘ಸ್ವಾಗತ’ದ ಎಸ್ಸೆಮ್ಮೆಸ್ ಬಂತೆಂದರೆ ಒಟಿಪಿ ದಾರಿ ತೆರೆದಂತೆಯೇ. ಇಮಿಗ್ರೇಶನ್ ಸಾಲಿನಲ್ಲಿ ನಿಂತೇ ಇದೆಲ್ಲ ಮುಗಿಯುತ್ತದೆ. ಹೊರಗೆ ಸಿಮ್ ಕೌಂಟರಿನ ಮುಂದೆ ಪಾಸ್‌ಪೋರ್ಟ್ ಹಿಡಿದು ಕಾಯುವ ಅರ್ಧ ಗಂಟೆ ಉಳಿಯುವ ಸುಖ ಪ್ರತಿ ಸಲವೂ ಹೊಸದೇ.

ಇಲ್ಲಿಯವರೆಗೆ ಐದಕ್ಕೆ ಐದು. ಮುಂದಿನದು ಅಷ್ಟು ಸಿಹಿಯಲ್ಲ.

ಬಹುಪಾಲು ಟ್ರಾವೆಲ್ ಇ-ಸಿಮ್‌ಗಳಲ್ಲಿ ಫೋನ್ ನಂಬರೇ ಇರುವುದಿಲ್ಲ. ಟ್ಯಾಕ್ಸಿ ಆ್ಯಪ್, ಹೋಟೆಲಿನ ಕೌಂಟರು ಸ್ಥಳೀಯ ನಂಬರು ಕೇಳಿದರೆ ಕೊಡಲು ಊರಿನ ನಂಬರೇ ಗತಿ. ‘ಅನ್‌ಲಿಮಿಟೆಡ್’ ಎಂದು ಮಾರುವವುಗಳಲ್ಲಿ ದಿನಕ್ಕೆ ಇಂತಿಷ್ಟು ಜಿಬಿ ಆದ ಮೇಲೆ ವೇಗ ನೆಲ ಕಚ್ಚುತ್ತದೆ, ಕೆಲವು ಹಾಟ್‌ಸ್ಪಾಟ್‌ಗೂ ಬೇರೆ ಮಿತಿ ಇಡುತ್ತವೆ. ಇಬ್ಬರಿಗೆ ಒಂದೇ ಇ-ಸಿಮ್ ಸಾಕೆಂದು ಲೆಕ್ಕ ಹಾಕುವವರು ಆ ಸಾಲನ್ನು ಓದಲೇಬೇಕು. ಇ-ಸಿಮ್ ಅಳಿಸಿಬಿಟ್ಟರೆ ಅದೇ ಕ್ಯೂಆರ್ ಮತ್ತೆ ಕೆಲಸ ಮಾಡದಿರುವುದೇ ಹೆಚ್ಚು. ತೊಂದರೆ ಬಂದಾಗ ‘ಡಿಲೀಟ್ ಮಾಡಿ ಮತ್ತೆ ಹಾಕೋಣ’ ಅಂತ ಕೈ ಹಾಕಬೇಡಿ. ಲೈನ್ ಆಫ್ ಮಾಡಿ ಆನ್ ಮಾಡಿ, ಎಪಿಎನ್ (ಡೇಟಾ ಸಂಪರ್ಕದ ಸೆಟ್ಟಿಂಗ್) ಸರಿಯಿದೆಯೇ ನೋಡಿ, ನೆಟ್‌ವರ್ಕನ್ನು ಕೈಯಾರೆ ಆರಿಸಿ.

ಯುರೋಪಿನ ಟೂರಿನವರಿಗೆ ಸ್ವಿಟ್ಜರ್ಲೆಂಡ್ ಒಂದು ಗುಂಡಿ. ಐರೋಪ್ಯ ಒಕ್ಕೂಟದೊಳಗೆ 2017ರ ಜೂನ್ 15ರಿಂದ ರೋಮಿಂಗ್‌ಗೆ ಹೆಚ್ಚುವರಿ ಹಣವಿಲ್ಲ. ಹಾಗಾಗಿ ಪ್ಯಾರಿಸ್ಸಿನಲ್ಲಿ ಕೊಂಡ ಸಿಮ್ ರೋಮಿನಲ್ಲೂ ಓಡುತ್ತದೆ. ನಾರ್ವೆ, ಐಸ್‌ಲ್ಯಾಂಡ್ ಕೂಡ ಆ ವ್ಯವಸ್ಥೆಯಲ್ಲಿವೆ. ಸ್ವಿಟ್ಜರ್ಲೆಂಡ್ ಇಲ್ಲ, ಬ್ರಿಟನ್ ಇಲ್ಲ. ಆದರೆ ನಮ್ಮ ಟೂರಿನವರು ಪ್ಯಾರಿಸ್‌ನಿಂದ ಇಟಲಿಗೆ ಹೋಗುವುದೇ ಸ್ವಿಟ್ಜರ್ಲೆಂಡಿನ ಮೇಲೆ. ಪ್ಯಾಕಿನ ಹೆಸರು ‘ಯುರೋಪ್’ ಎಂದಿದ್ದರೆ ನಂಬಬೇಡಿ, ದೇಶಗಳ ಪಟ್ಟಿ ತೆರೆದು ಒಂದೊಂದನ್ನೂ ಹುಡುಕಿ.

ಇನ್ನು, 2024ರ ಜನವರಿಯಲ್ಲಿ ದೂರಸಂಪರ್ಕ ಇಲಾಖೆಯ ಸೂಚನೆಯ ಮೇರೆಗೆ ಎರಡು ದೊಡ್ಡ ವಿದೇಶಿ ಇ-ಸಿಮ್ ಆ್ಯಪ್‌ಗಳು ಭಾರತದ ಆ್ಯಪ್ ಸ್ಟೋರಿನಿಂದ ಹೊರಬಿದ್ದವು. ಭಾರತದಲ್ಲಿ ವಿದೇಶಿ ಸಿಮ್ ಮಾರಲು ಇಲಾಖೆಯ ಅನುಮತಿ ಬೇಕು. ಪಾಸ್‌ಪೋರ್ಟ್ ಪ್ರತಿ ಕೇಳುವ, ಬಿಲ್ ಕೊಡುವ ಅನುಮತಿ ಪಡೆದ ಮಾರಾಟಗಾರರ ಹತ್ತಿರವೇ ಕೊಳ್ಳಿ. ಕೆಟ್ಟಾಗ ಕೇಳಲು ಒಬ್ಬರು ಇಲ್ಲೇ ಇರುತ್ತಾರೆ.

ಹಾಗಾದರೆ ನಮ್ಮ ಕಂಪನಿಗಳ ರೋಮಿಂಗ್ ಪ್ಯಾಕೇ ಸಾಲದೇ? ಮೊದಮೊದಲು ಅದರ ಮೇಲೆ ನನಗಿದ್ದದ್ದು ಬರೀ ಸಿಟ್ಟು. ‘ಒಂದು ದಿನ’ ಎಂದರೆ ಏನು ಎನ್ನುವುದೇ ಪ್ಯಾಕಿನಿಂದ ಪ್ಯಾಕಿಗೆ ಬೇರೆ. ಕೆಲವದರಲ್ಲಿ ಮೊದಲ ಬಳಕೆಯಿಂದ 24 ಗಂಟೆ, ಕೆಲವದರಲ್ಲಿ ಭಾರತದ ಮಧ್ಯರಾತ್ರಿಗೆ ದಿನ ಮುಗಿಯುತ್ತದೆ. ಭಾರತದ ಮಧ್ಯರಾತ್ರಿ ಎಂದರೆ ದುಬೈಯಲ್ಲಿ ರಾತ್ರಿ 10:30, ಬೇಸಿಗೆಯ ಲಂಡನ್ನಿನಲ್ಲಿ ಸಂಜೆ 7:30, ಬೇಸಿಗೆಯ ನ್ಯೂಯಾರ್ಕಿನಲ್ಲಿ ಮಧ್ಯಾಹ್ನ 2:30. ಬೆಳಿಗ್ಗೆ ನ್ಯೂಯಾರ್ಕಿನಲ್ಲಿ ಇಳಿದು ಒಂದು ದಿನದ ಪ್ಯಾಕ್ ಚಾಲೂ ಮಾಡಿದವರಿಗೆ ಮಧ್ಯಾಹ್ನದ ಊಟ ಮುಗಿಯುವ ಹೊತ್ತಿಗೆ ಎರಡನೇ ದಿನದ ಹಣ. ಪಾಲುದಾರ ನೆಟ್‌ವರ್ಕ್ ಬಿಟ್ಟು ಬೇರೆಯದು ಹತ್ತಿದರೆ ಪ್ಯಾಕ್ ಲೆಕ್ಕಕ್ಕಿಲ್ಲ, ಸಾಮಾನ್ಯ ದರ ಬೀಳುತ್ತದೆ. ವಿಮಾನದೊಳಗಿನ ನೆಟ್‌ವರ್ಕು, ಕ್ರೂಸ್ ಹಡಗಿನ ನೆಟ್‌ವರ್ಕು ಮಾಮೂಲಿ ದೇಶದ ಪ್ಯಾಕಿನಲ್ಲಿ ಬರುವುದಿಲ್ಲ. ಹಡಗು ದಡ ಬಿಟ್ಟ ಕೂಡಲೇ ಏರ್‌ಪ್ಲೇನ್ ಮೋಡ್ ಹಾಕುವುದೊಂದೇ ದಾರಿ.

ಬಿಲ್ಲಿನಲ್ಲಿ ಕಣ್ಣಿಗೆ ಬೀಳದೆ ನುಸುಳುವುದು ಕಾಲ್ ಫಾರ್ವರ್ಡಿಂಗ್. ‘ಎತ್ತದಿದ್ದರೆ ಇನ್ನೊಂದು ನಂಬರಿಗೆ’ ಎಂದು ಇಟ್ಟಿದ್ದರೆ, ನೀವು ಹೊರದೇಶದಲ್ಲಿರುವಾಗ ಕರೆ ಅಲ್ಲಿಗೆ ಬಂದು, ಮತ್ತೆ ಭಾರತಕ್ಕೆ ತಿರುಗುತ್ತದೆ. ಎರಡು ಕಡೆಯ ಹಣವೂ ನಿಮ್ಮ ತಲೆಗೆ. ಹೊರಡುವ ಮುನ್ನ ##002# ಒತ್ತಿ ಎಲ್ಲ ಫಾರ್ವರ್ಡಿಂಗ್ ತೆಗೆಯಿರಿ. ಐಫೋನಿನವರು ಇನ್ನೊಂದು ನೋಡಬೇಕು: ಐಮೆಸೇಜ್, ಫೇಸ್‌ಟೈಮ್ ನಂಬರನ್ನು ಖಚಿತಪಡಿಸಿಕೊಳ್ಳಲು ಫೋನು ಸದ್ದಿಲ್ಲದೆ ಅಂತರರಾಷ್ಟ್ರೀಯ ಎಸ್ಸೆಮ್ಮೆಸ್ ಕಳಿಸುತ್ತದೆ, ಅದಕ್ಕೆ ಹಣ ಬೀಳುತ್ತದೆ. ಯುಪಿಐ ಆ್ಯಪನ್ನು ಹೊರದೇಶದಲ್ಲಿ ಅಳಿಸಿ ಮತ್ತೆ ಹಾಕಿದರೂ ಇದೇ ಕಥೆ, ನೋಂದಣಿಗೆ ಆ ಸಿಮ್‌ನಿಂದಲೇ ಎಸ್ಸೆಮ್ಮೆಸ್ ಹೋಗಬೇಕು, ರೋಮಿಂಗ್‌ನಲ್ಲಿ ಅದು ಎಷ್ಟೋ ಸಲ ಹೋಗುವುದೇ ಇಲ್ಲ.

ಸಿಟ್ಟು ಇಳಿಸಿದ್ದು ಎರಡು ವಿಷಯ. ಒಂದು, ರೋಮಿಂಗ್ ಡೇಟಾ ಸಾಮಾನ್ಯವಾಗಿ ನಮ್ಮ ಕಂಪನಿಯ ಮೂಲಕವೇ ಹಾದುಹೋಗುತ್ತದೆ. ಚೀನಾದಲ್ಲಿ ಸ್ಥಳೀಯ ಸಿಮ್ ಹಾಕಿದರೆ ಗೂಗಲ್ ಇಲ್ಲ, ವಾಟ್ಸ್ಆ್ಯಪ್ ಇಲ್ಲ. ಭಾರತದ ಸಿಮ್ ರೋಮಿಂಗ್‌ನಲ್ಲಿ ಎರಡೂ ತೆರೆಯುತ್ತವೆ. ಎರಡು, ಮಕ್ಕಳನ್ನು ನೋಡಲು ಹೋಗುವ ಹಿರಿಯರು. ಮೈಸೂರಿನಿಂದಲೋ ದಾವಣಗೆರೆಯಿಂದಲೋ ಒಬ್ಬರೇ ಹೊರಟು ದೋಹಾದಲ್ಲಿ ವಿಮಾನ ಬದಲಿಸುವ ಅಮ್ಮನಿಗೆ ಲೈನ್ ಬದಲಿಸುವ ಕ್ರಮ ಹೇಳಿಕೊಡುವುದಕ್ಕಿಂತ, ಕತಾರ್, ಮಕ್ಕಳಿರುವ ದೇಶ ಎರಡೂ ಇರುವ ಒಂದು ರೋಮಿಂಗ್ ಪ್ಯಾಕ್ ಹಾಕಿ ಕಳಿಸುವುದು ಮೇಲು. ಇಳಿದ ಕೂಡಲೇ ಫೋನ್ ರಿಂಗಾದರೆ ಅವರಿಗೆ ಧೈರ್ಯ. ಈ ಒಂದು ಕೆಲಸಕ್ಕೆ ಬೆಲೆ ಹೆಚ್ಚಾದರೂ ನಾನು ಚೌಕಾಸಿ ಮಾಡುವುದಿಲ್ಲ.

ಅಮೆರಿಕಕ್ಕೆ ಹೋಗುವವರು ಹ್ಯಾಂಡ್‌ಸೆಟ್ ಕಡೆಗೂ ನೋಡಬೇಕು. ಅಲ್ಲಿನ ಮೂರು ದೊಡ್ಡ ಕಂಪನಿಗಳೂ 2022ರಲ್ಲೇ 3ಜಿ ನಿಲ್ಲಿಸಿವೆ. ಕರೆ ಹೋಗಬೇಕಾದರೆ ವೋಲ್ಟಿ (4ಜಿಯ ಮೇಲೆ ಕರೆ) ರೋಮಿಂಗ್ ಬೇಕು, ಅದಿಲ್ಲದಿದ್ದರೆ ಡೇಟಾ ಓಡುತ್ತಿದ್ದರೂ ಕರೆ ಸಾಯುತ್ತದೆ. ಇಲ್ಲಿನ ಅಗ್ಗದ ಫೋನುಗಳಲ್ಲಿ ಅಲ್ಲಿ ಬೇಕಾದ ಸಿಗ್ನಲ್ ಹಿಡಿಯುವ 12, 13, 66, 71ನೇ ರೇಡಿಯೊ ಬ್ಯಾಂಡ್‌ಗಳು ಇಲ್ಲದಿರಬಹುದು. ಆಗ ನಗರದ ಹೊರಗೆ ಸಿಗ್ನಲ್ಲೇ ಸಿಗದಿರಬಹುದು. ಆಸ್ಟ್ರೇಲಿಯಾದಲ್ಲಿ 2024ರ ಅಕ್ಟೋಬರ್‌ನಿಂದ 3ಜಿ ಹೋಗಿದೆ. 4ಜಿಯಲ್ಲಿ ತುರ್ತು ನಂಬರು 000ಕ್ಕೆ ಕರೆ ಮಾಡಲಾಗದ ಫೋನಿಗೆ ಅಲ್ಲಿಯ ಸಿಮ್ ಹಾಕಿದರೆ ಕಂಪನಿಗಳು ಅದನ್ನು ನೆಟ್‌ವರ್ಕಿಗೇ ಸೇರಿಸುವುದಿಲ್ಲ.

ಆರು ತಿಂಗಳು, ವರ್ಷಗಟ್ಟಲೆ ಇರುವವರಿಗೆ ರೋಮಿಂಗ್ ಪ್ಯಾಕ್ ಬೇಡವೇ ಬೇಡ. ಅಲ್ಲಿಯ ಸಿಮ್ ಕೊಂಡು, ಊರಿನ ನಂಬರನ್ನು ಜೀವಂತ ಇಟ್ಟರೆ ಸಾಕು. 90 ದಿನ ಬಳಸದಿದ್ದರೆ ಪ್ರಿಪೇಯ್ಡ್ ನಂಬರು ಹೋಗಬಹುದು, ಬ್ಯಾಲೆನ್ಸ್ 20 ರೂಪಾಯಿ ಇದ್ದರೆ ಅದನ್ನು ಕಡಿದು 30 ದಿನ ಮುಂದೂಡುವ ನಿಯಮವಿದೆ. ದೂರಸಂಪರ್ಕ ನಿಯಂತ್ರಣ ಸಂಸ್ಥೆ ಟ್ರಾಯ್ 2024ರ ಡಿಸೆಂಬರಿನಲ್ಲಿ ತಂದ ತಿದ್ದುಪಡಿಯಿಂದ ಡೇಟಾ ಇಲ್ಲದ, ಕರೆ ಮತ್ತು ಎಸ್ಸೆಮ್ಮೆಸ್ ಮಾತ್ರ ಇರುವ ರೀಚಾರ್ಜ್‌ಗಳು ಬಂದಿವೆ, ವಾಯಿದೆ 365 ದಿನದವರೆಗೆ ಇರಬಹುದು. ಓದಲು ಹೋದ ಮಕ್ಕಳ ನಂಬರಿಗೆ ಅದನ್ನೇ ಹಾಕಿ.

ಎಷ್ಟು ಜಿಬಿ ಬೇಕು? ಮ್ಯಾಪಿಗೆ ಗಂಟೆಗೆ 5ರಿಂದ 10 ಎಂಬಿ, ವಾಟ್ಸ್ಆ್ಯಪ್ ಮಾತಿಗೆ ಸುಮಾರು 30 ಎಂಬಿ. ವಿಡಿಯೊ ಕರೆಯಾದರೆ ಸುಮಾರು 300 ಎಂಬಿ. ಮನೆಯವರಿಗೆ ಬೀದಿ ತೋರಿಸುತ್ತ ನಡೆದರೆ 500 ಎಂಬಿಯ ದಿನದ ಪ್ಯಾಕ್ ಎರಡು ಗಂಟೆಯೊಳಗೆ ಖಾಲಿ. ರಾತ್ರಿ ಹೋಟೆಲಿನ ವೈಫೈ ಸಿಕ್ಕಾಗ ನನ್ನ ಕೆಲಸ ಮೂರು: ನಾಳೆ ಹೋಗುವ ಊರಿನ ಮ್ಯಾಪ್ ಆಫ್‌ಲೈನ್ ಇಳಿಸುವುದು, ಫೋಟೊ ಬ್ಯಾಕಪ್ ವೈಫೈಗೆ ಮಾತ್ರ ಎಂದು ಇದೆಯೇ ನೋಡುವುದು, ಊರಿನ ಸಿಮ್‌ನ ಡೇಟಾ ಸೊನ್ನೆಯಲ್ಲೇ ನಿಂತಿದೆಯೇ ಎಂದು ಎಣಿಕೆ ತೆರೆದು ನೋಡುವುದು. ಆ ಸೊನ್ನೆ ನೋಡಿ ಮಲಗಿದರೆ ನೆಮ್ಮದಿಯ ನಿದ್ದೆ. ಇದಕ್ಕಾಗಿ ಇಳಿದ ದಿನವೇ ಎಣಿಕೆಯನ್ನು ರೀಸೆಟ್ ಮಾಡಿರಬೇಕು. 5 ಜಿಬಿ ಹೀಗೆ ಹತ್ತು ದಿನ ಬರುತ್ತದೆ.

ಒಟಿಪಿ ತಡವಾದರೆ ‘ಮತ್ತೆ ಕಳಿಸಿ’ ಎಂದು ಒತ್ತುತ್ತ ಕೂರಬೇಡಿ. ಏರ್‌ಪ್ಲೇನ್ ಮೋಡ್ ಹಾಕಿ ಅರ್ಧ ನಿಮಿಷ ಬಿಟ್ಟು ತೆಗೆಯಿರಿ, ಸಿಮ್ ನೆಟ್‌ವರ್ಕಿನಲ್ಲಿ ಹೊಸದಾಗಿ ಹೆಸರು ಬರೆಸಿಕೊಳ್ಳುತ್ತದೆ. ಆಗಲೂ ಬಾರದಿದ್ದರೆ ಊರಿನ ಸಿಮ್‌ಗೆ ಮಾತ್ರ ನೆಟ್‌ವರ್ಕನ್ನು ಕೈಯಾರೆ ಬದಲಿಸಿ. ಬೆಂಗಳೂರಿಗೆ ಮರಳಿ ಇಳಿದ ಮೇಲೆ ಡೇಟಾ ಲೈನನ್ನು ಊರಿನ ಸಿಮ್‌ಗೆ ತಿರುಗಿಸಿ, ಇ-ಸಿಮ್ ಆಫ್ ಮಾಡಿ, ಆಟೊ-ರಿನ್ಯೂ ಎಲ್ಲಾದರೂ ಟಿಕ್ ಆಗಿದೆಯೇ ನೋಡಿ.