ವಿಶ್ವವಿದ್ಯಾಲಯಗಳ ಏಷ್ಯಾ ಉಪನ್ಯಾಸಗಳು: ಹಲವು ವರ್ಷ ಕೇಳಿದ ಮೇಲೆ ಬರೆದದ್ದು

ಏಷ್ಯಾದ ಇತಿಹಾಸ, ಸಂಸ್ಕೃತಿ, ಸಮಾಜದ ಬಗ್ಗೆ ವಿಶ್ವವಿದ್ಯಾಲಯಗಳು ಸಾರ್ವಜನಿಕ ಉಪನ್ಯಾಸ ಇಡುತ್ತವಲ್ಲ, ಅವನ್ನು ನಾನು ಹಲವು ವರ್ಷಗಳಿಂದ ಕೇಳುತ್ತಾ ಬಂದಿದ್ದೇನೆ. ಲಂಡನ್ನಿನ ಸೋಆಸ್ ವಿಶ್ವವಿದ್ಯಾಲಯ, ಲೈಡನ್ನಿನ ಏಷ್ಯಾ ಅಧ್ಯಯನ ಸಂಸ್ಥೆ, ಸಿಂಗಪುರದ ಏಷ್ಯಾ ರಿಸರ್ಚ್ ಇನ್‌ಸ್ಟಿಟ್ಯೂಟ್, ಇಂಥ ಕಡೆಗಳಲ್ಲಿ ಇವು ನಡೆಯುತ್ತಲೇ ಇರುತ್ತವೆ. ಹೆಚ್ಚಿನವು ಉಚಿತ. ಹೆಸರು, ಇಮೇಲ್ ಕೊಟ್ಟರೆ ಲಿಂಕ್ ಬರುತ್ತದೆ. ನಿಮ್ಮ ಓದು ಏನು, ಯಾಕೆ ಬರುತ್ತೀರಿ ಅಂತ ಯಾರೂ ಕೇಳುವುದಿಲ್ಲ.

ಚೆನ್ನಾಗಿರುತ್ತವಾ? ಅದು ವಿಷಯ ಎಷ್ಟು ಚಿಕ್ಕದು ಅನ್ನುವುದರ ಮೇಲಿದೆ. ತಮಾಷೆ ಅಲ್ಲ. 'ಬದಲಾಗುತ್ತಿರುವ ಜಗತ್ತಿನಲ್ಲಿ ಏಷ್ಯಾ' ಅನ್ನುವ ಥರದ ತಲೆಬರಹ ಕಂಡರೆ ನಾನು ಈಗ ಆ ಕಡೆ ಹೋಗುವುದೇ ಇಲ್ಲ. ದೊಡ್ಡ ಹೆಸರಿನವರು ಬಂದು, ದಿನಪತ್ರಿಕೆಯಲ್ಲಿ ಓದಿದ್ದನ್ನೇ ಗಂಟೆಗಟ್ಟಲೆ ಹೇಳಿ ಹೋಗುತ್ತಾರೆ. ಅದೇ ಒಂದು ಹಡಗು, ಒಂದು ಕಲ್ಲು, ಒಬ್ಬ ವ್ಯಾಪಾರಿಯ ಪತ್ರ ಅಂತ ವಿಷಯ ಇದ್ದರೆ ಬೇರೆ ಕೆಲಸ ಬದಿಗಿಟ್ಟು ಕೂರುತ್ತೇನೆ.

ಬೆಲಿಟುಂಗ್ ಹಡಗಿನ ಉಪನ್ಯಾಸವನ್ನೇ ತೆಗೆದುಕೊಳ್ಳಿ. 1998ರಲ್ಲಿ ಇಂಡೋನೇಷ್ಯಾದ ಬೆಲಿಟುಂಗ್ ದ್ವೀಪದ ಹತ್ತಿರ ಸಮುದ್ರದ ತಳದಲ್ಲಿ ಸಿಕ್ಕ 9ನೇ ಶತಮಾನದ ಹಡಗು ಅದು. ಚೀನಾದ ಸರಕು ತುಂಬಿಕೊಂಡು ಪಶ್ಚಿಮಕ್ಕೆ ಹೊರಟಿದ್ದು, ಆದರೆ ಹಡಗು ಚೀನಾದ್ದಲ್ಲ. ಅರಬ್ ಕಡೆಯ ಮಾದರಿ, ಹಲಗೆಗಳಿಗೆ ಮೊಳೆಯೇ ಇಲ್ಲ, ಎಲ್ಲವನ್ನೂ ಹಗ್ಗದಿಂದ ಹೊಲಿದಿದ್ದಾರೆ. ಒಳಗೆ ಸುಮಾರು 60,000 ಪಿಂಗಾಣಿ, ಮಣ್ಣಿನ ಸಾಮಾನು, ಬಹುಪಾಲು ಚೀನಾದ ಚಾಂಗ್‌ಶಾ ಊರಿನ ಬಟ್ಟಲುಗಳು. ಉಪನ್ಯಾಸಕರು ಒಂದೇ ಸ್ಲೈಡಿನ ಮೇಲೆ ತುಂಬ ಹೊತ್ತು ನಿಂತರು: ದೊಡ್ಡ ಹಂಡೆಯಂಥ ಜಾಡಿ, ಅದರೊಳಗೆ ಬಟ್ಟಲಿಗೆ ಬಟ್ಟಲು ಒರಗಿಸಿ, ಸುರುಳಿ ಸುರುಳಿಯಾಗಿ ಜೋಡಿಸಿದ್ದು. ಒಡೆಯದಂತೆ ಪ್ಯಾಕ್ ಮಾಡುವ ಈ ಜಾಣತನದಿಂದಲೂ ಸಾವಿರ ವರ್ಷಕ್ಕೂ ಜಾಸ್ತಿ ಅವು ಉಳಿದವು. ಒಂದು ಬಟ್ಟಲಿನ ಮೇಲೆ ತಾರೀಕನ್ನೇ ಗೀಚಿದ್ದಾರೆ, ಅದು ಕ್ರಿ.ಶ. 826ಕ್ಕೆ ಹೊಂದುತ್ತದೆ. ಚೀನಾದ ತಾಂಗ್ ರಾಜವಂಶದ ಕಾಲದ ವ್ಯಾಪಾರ ಅಂತ ಪುಸ್ತಕದಲ್ಲಿ ಎರಡು ಸಾಲು ಓದುವುದಕ್ಕೂ ಆ ಜಾಡಿಯ ಒಳಗೆ ಇಣುಕಿ ನೋಡುವುದಕ್ಕೂ ಎಷ್ಟು ವ್ಯತ್ಯಾಸ ಅಲ್ವಾ?

ಆಮೇಲೆ ಅವರು ಮುಜುಗರದ ಭಾಗಕ್ಕೂ ಬಂದರು. ಈ ಹಡಗನ್ನು ಎತ್ತಿದ್ದು ಪುರಾತತ್ವದವರಲ್ಲ, ಖಾಸಗಿ ಕಂಪನಿ. ಅದೇ ಕಾರಣಕ್ಕೆ ತಕರಾರು ಎದ್ದು, ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಮ್ಯೂಸಿಯಂ ಸಂಸ್ಥೆ 2011ರಲ್ಲಿ ಇದರ ಪ್ರದರ್ಶನವನ್ನು ಕೈಬಿಟ್ಟಿತು. ಸರಕಿನ ಬಹುಭಾಗ ಈಗ ಸಿಂಗಪುರದ ಮ್ಯೂಸಿಯಂನಲ್ಲಿದೆ. ಹೀಗೆ ವ್ಯಾಪಾರದ ಲೆಕ್ಕದಲ್ಲಿ ಎತ್ತಿದ್ದರಿಂದ ಏನೇನು ತಿಳಿಯದೆ ಹೋಯಿತು ಅಂತ ಅವರು ಬಿಡಿಸಿ ಹೇಳಿದ ರೀತಿ ನನಗೆ ಇಷ್ಟವಾಯಿತು. ಅದೇ ಹಡಗಿನ ಬಗ್ಗೆ ಬೇರೆ ಕಡೆ ಕೇಳಿದ ಇನ್ನೊಂದು ಉಪನ್ಯಾಸದಲ್ಲಿ ಈ ಮಾತೇ ಬರಲಿಲ್ಲ, ಬರೀ ಚಿನ್ನದ ಲೋಟದ ಫೋಟೊ.

ಕೈರೋ ಗೆನಿಜಾ ಬಗ್ಗೆ ಎಲ್ಲಾದರೂ ಉಪನ್ಯಾಸ ಇದ್ದರೆ ಬಿಡಬೇಡಿ. ದೇವರ ಹೆಸರಿರುವ ಕಾಗದವನ್ನು ಬಿಸಾಡಬಾರದು ಅಂತ ಹಳೇ ಕೈರೋದ ಯಹೂದಿಗಳು ತಮ್ಮ ಸಿನಗಾಗ್‌ನ, ಅಂದರೆ ಪ್ರಾರ್ಥನಾ ಮಂದಿರದ, ಒಂದು ಕೋಣೆಯಲ್ಲಿ ನೂರಾರು ವರ್ಷ ಕಾಗದ ತುಂಬುತ್ತಾ ಹೋದರು. ಆ ಕೋಣೆಯೇ ಗೆನಿಜಾ. ವ್ಯಾಪಾರದ ಪತ್ರ, ಲೆಕ್ಕದ ಚೀಟಿ ಎಲ್ಲವೂ ಅದರಲ್ಲಿ ಸೇರಿಕೊಂಡವು. 12ನೇ ಶತಮಾನದಲ್ಲಿ ಮಂಗಳೂರಿನಲ್ಲಿ ನೆಲೆಸಿದ್ದ ಅಬ್ರಹಾಂ ಬೆನ್ ಯಿಜು ಎಂಬ ವ್ಯಾಪಾರಿಯ ಪತ್ರಗಳೂ ಅಲ್ಲೇ ಸಿಕ್ಕಿದ್ದು. ಅವನಿಗೆ ಕಂಚಿನ ಪಾತ್ರೆಯ ಕಾರ್ಖಾನೆ ಇತ್ತು. ಯೆಮೆನ್‌ನ ಏಡನ್ ಬಂದರಿನ ಗೆಳೆಯರು ಒಡೆದ ಪಾತ್ರೆ, ತಾಮ್ರ ಕಳಿಸಿ, ಇದನ್ನು ಕರಗಿಸಿ ಇಂಥದ್ದು ಮಾಡಿಸಿಕೊಡು ಅಂತ ಬರೆಯುತ್ತಿದ್ದರು, ಜೊತೆಗೆ ಅವನಿಗೆ ಕಾಗದ, ಒಣದ್ರಾಕ್ಷಿ, ಸಕ್ಕರೆ ಉಡುಗೊರೆ. ಹಿಂದೂ ಮಹಾಸಾಗರದ ವ್ಯಾಪಾರ ಅಂದರೆ ಬರೀ ಮೆಣಸು, ರೇಷ್ಮೆ ಅಂದುಕೊಂಡವರಿಗೆ ಈ ಗುಜರಿ ತಾಮ್ರದ ವಿಷಯ ಒಳ್ಳೇ ಔಷಧಿ.

ಇನ್ನು ತೊಂದರೆಗಳು. ಸಮಯ ಅಂತೂ ನಮಗೆ ಹೊಂದುವುದೇ ಕಷ್ಟ, ದೂರದ ದೇಶದ ಸಂಜೆ ಅಂದರೆ ನಮ್ಮ ನಡುರಾತ್ರಿ. ರೆಕಾರ್ಡಿಂಗ್ ನೋಡೋಣ ಅಂದರೆ ಎಲ್ಲದಕ್ಕೂ ಇರುವುದಿಲ್ಲ. ಇನ್ನೂ ಪ್ರಕಟವಾಗದ ಸಂಶೋಧನೆ, ಅದಕ್ಕೇ ಹಾಕುವುದಿಲ್ಲ ಅನ್ನುತ್ತಾರೆ. ಅದು ಸರಿ, ಒಪ್ಪುತ್ತೇನೆ. ಆದರೆ ಒಂದು ವಿಶ್ವವಿದ್ಯಾಲಯದವರು ರೆಕಾರ್ಡಿಂಗ್ ಖಂಡಿತ ಹಾಕುತ್ತೇವೆ ಅಂತ ಹೇಳಿ, ತಿಂಗಳುಗಟ್ಟಲೆ ಕಾಯಿಸಿ, ಮೇಲ್ ಮಾಡಿದರೆ ಉತ್ತರವನ್ನೂ ಕೊಡದೆ ಸುಮ್ಮನಾದರು. ಇನ್ನು ಕೆಲವು ಕಡೆ ಸಭಾಂಗಣದಲ್ಲಿ ಕೂತವರಿಗೆ ಮಾತ್ರ ಮೈಕ್, ಆನ್‌ಲೈನ್‌ನವರಿಗೆ ಪ್ರಶ್ನೆ ಕೇಳಿಸುವುದಿಲ್ಲ, ಉತ್ತರ ಮಾತ್ರ ಕೇಳಿಸುತ್ತದೆ. ತಾನಾಗಿ ಬರುವ ಸಬ್‌ಟೈಟಲ್ ಅಂತೂ ಊರು, ರಾಜರ ಹೆಸರುಗಳನ್ನೆಲ್ಲ ಚಿಂದಿ ಮಾಡಿಬಿಡುತ್ತದೆ.

ಪ್ರಶ್ನೋತ್ತರದ ಹೊತ್ತಲ್ಲಿ 'ನನ್ನದು ಪ್ರಶ್ನೆ ಅಲ್ಲ, ಅಭಿಪ್ರಾಯ' ಅಂತ ಶುರು ಮಾಡುವವರು ಎಲ್ಲ ದೇಶದಲ್ಲೂ ಇದ್ದಾರೆ. ನಿರೂಪಕರು ಗಟ್ಟಿಯಾಗಿದ್ದರೆ ಬಚಾವ್. ಆದರೂ ನಾನು ಪ್ರಶ್ನೋತ್ತರ ಮುಗಿಯುವ ತನಕ ಏಳುವುದಿಲ್ಲ. ತಯಾರಿ ಮಾಡಿಕೊಂಡು ಓದಿದ ಮಾತಿಗಿಂತ, ಸಂಶೋಧಕರು 'ಅದಕ್ಕೆ ಸಾಕ್ಷಿ ಇಲ್ಲ' ಅಂತ ನೇರ ಹೇಳುವುದನ್ನು ಕೇಳುವುದರಲ್ಲಿ ಜಾಸ್ತಿ ಸಿಗುತ್ತದೆ.

ಇನ್ನೊಂದು ಗೊಣಗಾಟ. ನಾನು ನೋಡಿದ ಮಟ್ಟಿಗೆ ಚೀನಾ, ಜಪಾನ್, ಭಾರತಕ್ಕೆ ಸಿಗುವ ಜಾಗ ಲಾವೋಸ್, ಮಂಗೋಲಿಯಾ, ಉಜ್ಬೇಕಿಸ್ತಾನಕ್ಕೆ ಸಿಗುವುದಿಲ್ಲ. ಸಮರ್‌ಖಂಡ್ ಬಂದರೂ ರೇಷ್ಮೆ ದಾರಿಯ ನೆಪದಲ್ಲಿ ಬಂದು ಹೋಗುತ್ತದೆ, ಇವತ್ತು ಅಲ್ಲಿ ಬದುಕುವವರ ಸುದ್ದಿ ಇಲ್ಲ.

ಹೊಸಬರಿಗೆ ಒಂದು ಮಾತು: ನೋಂದಣಿ ಮಾಡುವ ಮೊದಲು ಸಾರಾಂಶ ಓದಿ. ಅದರಲ್ಲಿ ಒಂದು ಊರೋ ಇಸವಿಯೋ ವಸ್ತುವೋ ಇದ್ದರೆ ಹೋಗಿ, ಉಪನ್ಯಾಸಕರ ಹೆಸರು ಕೇಳಿರದಿದ್ದರೂ ಪರವಾಗಿಲ್ಲ. ಆಗಷ್ಟೇ ಪಿಎಚ್‌ಡಿ ಮುಗಿಸಿದವರು ಎಷ್ಟೋ ಸಲ ಹಿರಿಯರಿಗಿಂತ ಚೆನ್ನಾಗಿ ಮಾತಾಡುತ್ತಾರೆ, ಯಾಕೆಂದರೆ ದಫ್ತರದ ಧೂಳು ಇನ್ನೂ ಅವರ ಕೈಯಲ್ಲೇ ಇರುತ್ತದೆ. ಲಿಂಕಿನ ಮೇಲ್ ಸ್ಪ್ಯಾಮ್‌ಗೆ ಹೋಗಿದೆಯಾ ಅಂತ ಹಿಂದಿನ ದಿನವೇ ನೋಡಿಕೊಳ್ಳಿ.